ಕಾಡು ಶೇಂಗಾ ಕಲಿಸಿದ ಪಾಠಗಳು

ಬೆಳೆಯ ಕಾಡುಬಂಧುಗಳಿಂದ ರೋಗ ತಡೆಯುವ ಗುಣ ತರುವ ವಿದ್ಯೆ ಹೆಚ್ಚಾಗಿ ಪಳಗಿದ್ದು ಗೋಧಿಯ ಮೇಲೆ. ಪಠ್ಯಪುಸ್ತಕ ತೆರೆದರೆ ಇವತ್ತಿಗೂ ಉದಾಹರಣೆಗಳು ಬಹುಪಾಲು ಗೋಧಿಯವೇ. ಆದರೆ ಆದೋನಿ, ಆಲೂರು, ಆಸ್ಪರಿ, ಪತ್ತಿಕೊಂಡದ ಸೀಮೆಯಲ್ಲಿ ಗೋಧಿ ಬಿತ್ತುವವರು ಅಪರೂಪ. ಇಲ್ಲಿ ಎರೆ ನೆಲಕ್ಕೆ ಹತ್ತಿ, ಕಡಲೆ, ಜೋಳ. ಕೆಂಪು ಮಸಾರಿಗೆ ಶೇಂಗಾ. ಹೊಳಗುಂದ, ಹಾಲಹರವಿ ಕಡೆಯ ಮನೆಗಳಲ್ಲಿ ಶೇಂಗಾ ಅಂದದ್ದು ಆದೋನಿ ಯಾರ್ಡಿಗೆ ಬಂದರೆ ಬುಡ್ಡಲು ಆಗುತ್ತದೆ, ಅಷ್ಟೇ. ಗೋಧಿಯಲ್ಲಿ ನಡೆದದ್ದು ಶೇಂಗಾದಲ್ಲೂ ನಡೆದಿದೆ, ಅದೂ ನಮ್ಮ ಸುತ್ತಮುತ್ತಲೇ. ರಾಯಚೂರಿನ ಒಂದು ತಳಿಗೆ ಪಟಾನ್‌ಚೆರುವಿನಿಂದ ಬಂದ ಒಂದು ಸಾಲನ್ನು ಕೂಡಿಸಿ ಧಾರವಾಡದಲ್ಲಿ ಆರಿಸಿದ ಜಿಪಿಬಿಡಿ 4 ತಳಿಯೇ ಅದಕ್ಕೆ ಸಾಕ್ಷಿ.

ಶೇಂಗಾ ತಳಿ ಅಭಿವೃದ್ಧಿಯ ಕೆಲಸದಲ್ಲಿ ಬಹುಕಾಲ ಕಳೆದವನು ನಾನು. ರಾಜ್ಯದ ಗಡಿಯ ಎರಡೂ ಬದಿಯ ರೈತರ ಹೊಲಗಳಲ್ಲಿ ಸಾಲು ಹಾಕಿ ನೋಡಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು, ‘ಕಾಡಿನಿಂದ ಏನೇನು ತಂದಿರಿ?’ ಎಂದು. ತಂದದ್ದು ಬಹಳ ಸ್ವಲ್ಪ. ವರ್ಷಗಟ್ಟಲೆ ಹಿಡಿದದ್ದು ಅದರ ಬೆನ್ನಿಗೆ ಅಂಟಿಕೊಂಡು ಬಂದದ್ದನ್ನು ಬಿಡಿಸುವುದಕ್ಕೆ. ಕೆಳಗಿನ ಪಾಠಗಳನ್ನು ಓದುವಾಗ ಈ ಮಾತು ನೆನಪಿನಲ್ಲಿರಲಿ.

1. ಎಲೆ ಮಗುಚಿ ನೋಡದೆ ರೋಗದ ಹೆಸರು ಹೇಳಬೇಡಿ

ಹೊಲದ ಬದುವಿನ ಮೇಲೆ ನಿಂತರೆ ಒಣಗಿದ ಶೇಂಗಾ ಎಲ್ಲವೂ ಒಂದೇ ಥರ ಕಾಣುತ್ತದೆ. ರೈತರು ತುಕ್ಕು ಅನ್ನುತ್ತಾರೆ, ಇಲ್ಲವೇ ತೆಲುಗಿನಲ್ಲಿ ತೆಗುಲು ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ತಳಿ ಮಾಡುವವನಿಗೆ ಅದು ಸಾಲದು. ಗಿಡದ ಕೆಳಗಿನ ಎಲೆಯೊಂದನ್ನು ಕಿತ್ತು ಮಗುಚಿ ನೋಡಿ. ಹಿಂಬದಿಯಲ್ಲಿ ಕಿತ್ತಳೆ ಬಣ್ಣದ ಸಣ್ಣ ಗುಳ್ಳೆಗಳಿದ್ದು, ಬೆರಳಿನಿಂದ ಉಜ್ಜಿದರೆ ಪುಡಿ ಹತ್ತಿದರೆ ಅದು ತುಕ್ಕು. ಹಿಂಬದಿಯಲ್ಲಿ ಇದ್ದಿಲಿನಂಥ ಕಪ್ಪು ದುಂಡು ಚುಕ್ಕೆ ಇದ್ದರೆ ತಡವಾಗಿ ಬರುವ ಎಲೆಚುಕ್ಕೆ. ಮೇಲ್ಭಾಗದಲ್ಲಿ ಕಂದು ಚುಕ್ಕೆ, ಅದರ ಸುತ್ತ ಹಳದಿ ಬಳೆ ಇದ್ದರೆ ಬೇಗ ಬರುವ ಎಲೆಚುಕ್ಕೆ. ಈ ಎರಡು ಚುಕ್ಕೆಗಳಿಗೂ ಟಿಕ್ಕಾ ಎಂಬ ಒಂದೇ ಹೆಸರು ರೂಢಿಯಲ್ಲಿದೆ, ಆದರೆ ತರುವ ಶಿಲೀಂಧ್ರಗಳು ಬೇರೆ ಬೇರೆ.

ಇನ್ನೊಂದು ಗುರುತಿದೆ. ತುಕ್ಕು ಹಿಡಿದ ಎಲೆ ಒಣಗಿದರೂ ಗಿಡಕ್ಕೇ ಅಂಟಿಕೊಂಡಿರುತ್ತದೆ. ಚುಕ್ಕೆ ಬಂದ ಎಲೆ ಉದುರಿ ಬೀಳುತ್ತದೆ. ಕೊಯ್ಲಿಗೆ ಮೊದಲು ಸಾಲಿನ ನಡುವೆ ಎಲೆ ಹಾಸಿ ಬಿದ್ದಿದ್ದರೆ ಚುಕ್ಕೆಯದೇ ಕೈವಾಡ ಹೆಚ್ಚು ಎಂದು ತಿಳಿಯಬಹುದು. ಎಲೆ ಉದುರಿದ ಗಿಡದಲ್ಲಿ ಕಾಯಿ ಹಿಡಿದ ತೊಟ್ಟೂ ಸೊರಗುತ್ತದೆ. ಕೀಳುವಾಗ ಕಾಯಿ ಮಣ್ಣಿನಲ್ಲೇ ಉಳಿಯುತ್ತದೆ. ತುಕ್ಕು ಮತ್ತು ತಡ ಎಲೆಚುಕ್ಕೆ ಜೊತೆಯಾಗಿ ಜೋರಾಗಿ ಬಂದರೆ ಇಳುವರಿಯಲ್ಲಿ ಶೇ. 50ರಿಂದ 70ರಷ್ಟು ಹೋಗಬಹುದು.

ಕಾಲುವೆ ಕೆಳಗಿನ ಸುಣ್ಣ ಹೆಚ್ಚಿರುವ ನೆಲದಲ್ಲಿ ಕುಡಿ ಎಲೆ ಬೆಳ್ಳಗಾಗುವುದು ಕಬ್ಬಿಣದ ಕೊರತೆಯಿಂದ. ಅದಕ್ಕೂ ತುಕ್ಕಿಗೂ ಸಂಬಂಧವಿಲ್ಲ. ಇದನ್ನೆಲ್ಲ ಬೇರೆ ಮಾಡಿ ನೋಡದಿದ್ದರೆ, ಯಾವ ಕಾಡುಬಂಧುವಿನಲ್ಲಿ ಏನನ್ನು ಹುಡುಕಬೇಕು ಎಂಬುದೇ ಗೊತ್ತಾಗುವುದಿಲ್ಲ.

2. ತಳಿ ಹುಟ್ಟಿದ ಕಾಲದಲ್ಲಿ ರೋಗ ಇತ್ತೇ ಎಂದು ಕೇಳಿ

ನಮ್ಮಲ್ಲಿ ದಶಕಗಳ ಕಾಲ ಮೆರೆದ ಟಿಎಂವಿ 2 ತಳಿ ಬಿಡುಗಡೆಯಾದದ್ದು 1940ರಲ್ಲಿ, ತಿಂಡಿವನಂನಿಂದ. ಗೊಂಚಲು ಜಾತಿ, ಬೇಗ ಬರುತ್ತದೆ, ಕಾಳು ಚೆಂದ, ಎಣ್ಣೆ ಚೆನ್ನ. ತುಕ್ಕು ಬಂದರೆ ಮಾತ್ರ ನಿಲ್ಲದು. ಅದಕ್ಕೆ ತಳಿಯನ್ನು ಬೈದು ಪ್ರಯೋಜನವಿಲ್ಲ. ಶೇಂಗಾ ತುಕ್ಕು 1969ರ ತನಕ ಹೆಚ್ಚುಕಡಿಮೆ ಅಮೆರಿಕ ಖಂಡಗಳ ಆಚೆ ಬಂದಿರಲಿಲ್ಲ. ಭಾರತದಲ್ಲಿ ಅದು ಬೇರೂರಿದ್ದು 1970ರ ದಶಕದಲ್ಲಿ. ಆ ರೋಗವೇ ಇಲ್ಲದ ನೆಲದಲ್ಲಿ ಆರಿಸಿದ ತಳಿಗೆ ಅದನ್ನು ತಡೆಯುವ ಗುಣ ಇದ್ದರೂ ಇಲ್ಲದಿದ್ದರೂ ಆರಿಸುವವರಿಗೆ ಗೊತ್ತಾಗುವ ದಾರಿ ಇರಲಿಲ್ಲ.

ಊರ ತಳಿಗಳಲ್ಲಿ ಹುಡುಕಿದರೂ ಹೆಚ್ಚು ಸಿಗಲಿಲ್ಲ. ಕಾರಣ ಶೇಂಗಾದ ಹುಟ್ಟಿನಲ್ಲೇ ಇದೆ. ದಕ್ಷಿಣ ಅಮೆರಿಕದಲ್ಲಿ ಅರಾಕಿಸ್ ಡ್ಯುರಾನೆನ್ಸಿಸ್ ಮತ್ತು ಅರಾಕಿಸ್ ಇಪೆಯೆನ್ಸಿಸ್ ಎಂಬ ಎರಡು ಕಾಡುಜಾತಿಗಳು ಕೂಡಿದವು. ಆ ಸಂಕರದ ವರ್ಣತಂತುಗಳು ದುಪ್ಪಟ್ಟಾಗಿ ಇವತ್ತಿನ ಶೇಂಗಾ ಆಯಿತು. ಕಾಡುಬಂಧುಗಳಲ್ಲಿ ಬಹುಪಾಲಿಗೆ 20 ವರ್ಣತಂತು, ಶೇಂಗಾಕ್ಕೆ 40. ಸಂಖ್ಯೆ ಬೇರೆಯಾದ ಮೇಲೆ ಕಾಡಿನವರ ಜೊತೆ ಸಹಜವಾಗಿ ಕೂಡುವುದು ನಿಂತುಹೋಯಿತು. ಹೀಗೆ ತೀರ ಕಿರಿದಾದ ಬುನಾದಿಯಿಂದ ಬಂದ ಬೆಳೆ ಇದು. ಕಾಡುಜಾತಿಗಳಾದರೋ ರೋಗ ಹುಟ್ಟಿದ ನೆಲದಲ್ಲೇ ಅದರ ಜೊತೆ ಸೆಣಸುತ್ತ ಬಂದವು. ಅದಕ್ಕೇ ಅಲ್ಲಿಗೆ ಹೋಗಬೇಕಾಯಿತು.

3. ವರ್ಣತಂತುಗಳ ಲೆಕ್ಕ ಕೂಡಿಸಲು ಅವಸರ ಮಾಡಬೇಡಿ

ಬೊಲಿವಿಯಾದ ಅರಾಕಿಸ್ ಕಾರ್ಡೆನಾಸಿ ಎಂಬ ಕಾಡು ಶೇಂಗಾ ತುಕ್ಕು, ತಡ ಎಲೆಚುಕ್ಕೆ ಎರಡನ್ನೂ ಬಲವಾಗಿ ತಡೆಯುತ್ತದೆ. ಅದನ್ನು ನೇರ ನಮ್ಮ ಶೇಂಗಾದ ಜೊತೆ ಕೂಡಿಸಿದರೆ ಹುಟ್ಟುವ ಗಿಡಕ್ಕೆ 30 ವರ್ಣತಂತು. ಗಿಡ ದಷ್ಟಪುಷ್ಟವಾಗಿ ಬೆಳೆಯುತ್ತದೆ, ಹೂವೂ ಬಿಡುತ್ತದೆ, ಕಾಯಿ ಮಾತ್ರ ಕಟ್ಟುವುದಿಲ್ಲ. ಜೋಡಿ ಸಿಗದ ವರ್ಣತಂತುಗಳಿಂದ ಸರಿಯಾದ ಪರಾಗ ಆಗದು. ಕಾಲ್ಚಿಸಿನ್ ಎಂಬ ರಾಸಾಯನಿಕ ಹಚ್ಚಿ ದುಪ್ಪಟ್ಟು ಮಾಡಿದರೆ 60 ಆಗುತ್ತದೆ, ಬೀಜ ಬರುತ್ತದೆ. ಆಮೇಲೆ ತಲೆಮಾರಿನಿಂದ ತಲೆಮಾರಿಗೆ ಬೆಳೆಸುತ್ತ, ಹೆಚ್ಚಾದ ವರ್ಣತಂತುಗಳು ಕಳೆದು 40ಕ್ಕೆ ಇಳಿದ ಗಿಡಗಳನ್ನು ಹುಡುಕಬೇಕು.

1960ರ ದಶಕದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಜೋಸೆಫ್ ಸ್ಮಾರ್ಟ್ ಮತ್ತು ವಾಲ್ಟನ್ ಗ್ರೆಗರಿ ಈ ದಾರಿ ಹಿಡಿದರು. ಅಲ್ಲಿಂದ ಬಂದ ಸಾಮಗ್ರಿಯ ಮೇಲೆ, 1972ರಲ್ಲಿ ಪಟಾನ್‌ಚೆರುವಿನಲ್ಲಿ ಶುರುವಾದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ಜೆ.ಪಿ. ಮಾಸ್, ಎ.ಕೆ. ಸಿಂಗ್ ಮೊದಲಾದವರು ಕೆಲಸ ಮುಂದುವರಿಸಿದರು. ಹೀಗೆ ಬಂದ ಸಾಲುಗಳಲ್ಲಿ ಒಂದು ಸಿಎಸ್ 16. ಐಸಿಜಿವಿ 86855 ಎಂದೂ ಅದಕ್ಕೆ ಹೆಸರಿದೆ. ಕಾಡಿನಲ್ಲಿ ಕಾಯಿ ಆರಿಸಿದ ದಿನದಿಂದ ರೈತನ ಕೂರಿಗೆಗೆ ಬೀಜ ಬೀಳುವ ತನಕ ದಶಕಗಳೇ ಹಿಡಿದವು. ಮೂರು ವರ್ಷದ ಯೋಜನೆಗೆ ಅರ್ಜಿ ಬರೆಯುವವರು ಈ ಲೆಕ್ಕ ನೆನಪಿಡಬೇಕು. ಮೊದಲ ಮೂರು ವರ್ಷಕ್ಕೆ ಕೈಗೆ ಸಿಗುವುದು ತಳಿಯಾಗಿರುವುದಿಲ್ಲ, ತಳಿಗೆ ಬೇಕಾದ ಕಚ್ಚಾ ಸಾಮಗ್ರಿ ಆಗಿರುತ್ತದೆ.

4. ಹೂವಿನ ಹೊತ್ತಿಗೆ ನೀವು ಹೊಂದಿಕೊಳ್ಳಿ

ಶೇಂಗಾ ಹೂ ನಸುಕಿನಲ್ಲಿ ಅರಳುತ್ತದೆ, ಅರಳುವ ಹೊತ್ತಿಗೆ ತನ್ನ ಪರಾಗ ತಾನೇ ಹಾಕಿಕೊಂಡುಬಿಡುತ್ತದೆ. ಹಾಗಾಗಿ ಹಿಂದಿನ ಸಂಜೆಯೇ ಮೊಗ್ಗು ಬಿಡಿಸಬೇಕು. ಮೊಗ್ಗನ್ನು ಎಡಗೈ ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು, ಚಿಮಟದ ತುದಿಯಿಂದ ಹಳದಿ ಪತಾಕೆ ದಳ ಸರಿಸಿ, ಒಳಗಿನ ದೋಣಿ ದಳ ಎಳೆದು, ಕೇಸರಗಳನ್ನು ಒಂದೊಂದಾಗಿ ಕೀಳಬೇಕು. ಶಲಾಕೆಯ ತುದಿ ಮುಟ್ಟಬಾರದು. ಮೊಗ್ಗಿನ ಕೆಳಗಿರುವ ಉದ್ದ ಕೊಳವೆ ಬಾಗಿದರೂ ಕೆಲಸ ಕೆಟ್ಟಂತೆ. ಮರುದಿನ ಬೆಳಗಾಗುತ್ತಲೇ ಗಂಡು ಗಿಡದ ಹೂ ಕಿತ್ತು, ದೋಣಿ ದಳ ಒತ್ತಿ ಹೊರಬಂದ ಅಂಟು ಪರಾಗವನ್ನು ಸವರಬೇಕು. ಬಿಸಿಲೇರಿದ ಮೇಲೆ ಮಾಡಿದ್ದು ಬಹುಪಾಲು ವ್ಯರ್ಥ.

ಈ ಕೆಲಸ ನಾನು ಕಲಿತದ್ದು ದಿನಗೂಲಿಗೆ ಬರುತ್ತಿದ್ದ ಹೆಂಗಸರ ಕೈ ನೋಡಿ. ಅವರಲ್ಲಿ ಹಿರಿಯಳೊಬ್ಬಳು, ‘ಯಪ್ಪಾ, ಹೂವು ಹಿಡೀಬ್ಯಾಡ, ಆನಿಸಿಕೋ’ ಎಂದು ಹೇಳಿಕೊಟ್ಟಳು. ಯಾವ ಕೈಪಿಡಿಯಲ್ಲೂ ಇದಕ್ಕಿಂತ ಚೆನ್ನಾದ ಸೂಚನೆ ನಾನು ಓದಿಲ್ಲ.

ಕೂಡಿಸಿದ ಹೂವಿನ ಬುಡಕ್ಕೆ ಬಣ್ಣದ ನೂಲು ಕಟ್ಟಬೇಕು. ಅದೇ ಗಿಡದಲ್ಲಿ ತಾನಾಗಿ ಅರಳುವ ಹೂಗಳನ್ನು ದಿನಾ ಕಿತ್ತುಹಾಕಬೇಕು. ವಾರದೊಳಗೆ ಸೂಜಿಯಂಥ ತೊಟ್ಟು ಕೆಳಗೆ ಬಾಗುತ್ತದೆ. ಕಾಡುಜಾತಿಯ ಸಂಕರವಾದರೆ ತೊಟ್ಟು ಎಷ್ಟೋ ಸಲ ಮಣ್ಣು ಮುಟ್ಟುವ ಮೊದಲೇ ಸುಟ್ಟುಹೋಗುತ್ತದೆ. ಆಗ ಹೂವಿನ ಬುಡಕ್ಕೆ ಜಿಬ್ಬರೆಲಿಕ್ ಆಮ್ಲ ಹಚ್ಚಿ ತೊಟ್ಟು ಉಳಿಸುತ್ತಾರೆ. ಅದಕ್ಕೂ ಬಗ್ಗದಿದ್ದರೆ ಎಳೆ ಭ್ರೂಣವನ್ನು ಬಿಡಿಸಿ ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಬೆಳೆಸುತ್ತಾರೆ.

5. ಗುಣದ ಜೊತೆ ಬಂದದ್ದನ್ನು ಬಿಡಿಸುವುದೇ ಮುಖ್ಯ ಕೆಲಸ

ಕಾಡು ಶೇಂಗಾದ ಕಾಯಿ ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಎರಡು ಕಾಳಿನ ನಡುವೆ ದಾರದಂಥ ಉದ್ದ ಎಳೆ. ಒಂದೊಂದು ಕಾಳಿಗೂ ಬೇರೆ ಬೇರೆ ಸಿಪ್ಪೆ. ತೊಟ್ಟು ಗಿಡದಿಂದ ದೂರ ದೂರ ಹರಿದು ಮಣ್ಣೊಳಗೆ ಹೋಗುತ್ತದೆ. ಕಾಡಿನಲ್ಲಿ ವಂಶ ಹರಡಲು ಅದು ಒಳ್ಳೆಯ ಉಪಾಯ. ಗಿಡ ಕೀಳುವ ಕೂಲಿಗೆ, ಕಾಯಿ ಬಿಡಿಸುವ ಯಂತ್ರಕ್ಕೆ ಅದು ಹೊರೆ. ರೋಗ ತಡೆಯುವ ವಂಶವಾಹಿಯ ಅಕ್ಕಪಕ್ಕದ ತುಣುಕಿನಲ್ಲಿ ದಪ್ಪ ಸಿಪ್ಪೆ, ಸೊಂಟ ಹಿಡಿದಂಥ ಕಾಯಿ, ತಡವಾಗಿ ಮಾಗುವ ಗುಣ ಇವೂ ಬಂದು ಕೂತಿರುತ್ತವೆ. ಪೆರು ಕಡೆಯ ಕೆಲವು ನಾಟಿ ತಳಿಗಳು ರೋಗ ತಡೆದರೂ ಇದೇ ಕಾರಣಕ್ಕೆ ನಮ್ಮ ರೈತರಿಗೆ ಒಗ್ಗಲಿಲ್ಲ.

ಆದೋನಿ ಸೀಮೆಗೆ ತಡವಾಗಿ ಮಾಗುವ ತಳಿ ಬೇಡವೇ ಬೇಡ. ಇಲ್ಲಿನ ಮಳೆಯಾಶ್ರಿತ ಶೇಂಗಾಕ್ಕೆ 100ರಿಂದ 110 ದಿನದೊಳಗೆ ಕೆಲಸ ಮುಗಿಯಬೇಕು. ಸೆಪ್ಟೆಂಬರ್ ಕೊನೆಗೆ ಮಳೆ ಕೈಕೊಟ್ಟರೆ ಮಸಾರಿಯ ತೇವ ಬೇಗ ಆರಿಹೋಗುತ್ತದೆ. ರೋಗ ತಡೆದು, ಕಾಳು ತುಂಬುವ ಹೊತ್ತಿಗೆ ನೀರಿಲ್ಲದೆ ನಿಂತ ಗಿಡದಿಂದ ರೈತನಿಗೆ ಏನು ಸಿಕ್ಕೀತು?

ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಎಂ.ವಿ.ಸಿ. ಗೌಡ ಮತ್ತು ಸಂಗಡಿಗರು ಆರಿಸಿದ ದಾರಿ ಇಲ್ಲಿ ಮಾದರಿ. ಸಿಎಸ್ 16ರ ಜೊತೆ ಕೂಡಿಸಲು ಅವರು ತೆಗೆದುಕೊಂಡದ್ದು ರಾಯಚೂರಿನ ಕೆಆರ್‌ಜಿ 1, ಬೇಗ ಮಾಗುವ ತಳಿ. ಒಂದರಲ್ಲಿ ರೋಗ ತಡೆಯುವ ಗುಣ, ಇನ್ನೊಂದರಲ್ಲಿ ಬೇಗ ಬರುವ ಗುಣ. ಸಂತಾನದಲ್ಲಿ ಎರಡೂ ಇರುವ, ಬೇಡದ್ದು ಇಲ್ಲದ ಗಿಡಗಳನ್ನು ಸೋಸುತ್ತ ಹೋದಾಗ ಸಿಕ್ಕದ್ದು ಜಿಪಿಬಿಡಿ 4. 2002ರಲ್ಲಿ ಅದರ ವಿವರ ಪ್ರಕಟವಾಯಿತು. ಆಯ್ಕೆಯ ಪುಸ್ತಕದಲ್ಲಿ ಉಳಿಸಿಕೊಂಡ ಗಿಡದ ಸಾಲು ಒಂದು ಪುಟವಾದರೆ ಕೈಬಿಟ್ಟವುಗಳದ್ದು ಒಂದು ಕಟ್ಟು ಆಗುತ್ತದೆ. ಆ ಕಟ್ಟನ್ನು ಬಿಸಾಡಬೇಡಿ. ಯಾವುದನ್ನು ಏಕೆ ಬಿಟ್ಟಿರಿ ಎಂಬುದು ಮುಂದೆ ಬರುವವರಿಗೆ ಬೇಕಾಗುತ್ತದೆ.

6. ರೋಗ ಬಾರದ ವರ್ಷದ ಅಂಕಿ ನಂಬಬೇಡಿ

ಮಳೆ ಕಡಿಮೆಯಾದ ವರ್ಷ ಆಲೂರಿನ ಹೊಲದಲ್ಲಿ ಎಲ್ಲ ಸಾಲುಗಳೂ ರೋಗನಿರೋಧಕವಾಗಿಯೇ ಕಾಣುತ್ತವೆ. ಶಿಲೀಂಧ್ರದ ಬೀಜಾಣು ಮೊಳೆಯಲು ಎಲೆ ಗಂಟೆಗಟ್ಟಲೆ ಒದ್ದೆ ಇರಬೇಕು. ಅದಿಲ್ಲದಿದ್ದರೆ ಒಳ್ಳೆಯದು ಕೆಟ್ಟದ್ದು ಬೇರೆಯಾಗುವುದಿಲ್ಲ. ಆದ್ದರಿಂದ ರೋಗ ಬರುವುದನ್ನು ಕಾಯದೆ ಬರಮಾಡಿಕೊಳ್ಳಬೇಕು. ಪರೀಕ್ಷೆಯ ಸಾಲುಗಳ ನಡುನಡುವೆ ಟಿಎಂವಿ 2ರಂಥ ಸೋಲುವ ತಳಿ ಬಿತ್ತುವುದು, ಅದಕ್ಕೆ ಬೀಜಾಣು ಕಲಸಿದ ನೀರು ಸಿಂಪಡಿಸುವುದು, ಸಂಜೆ ತುಂತುರು ನೀರು ಬಿಟ್ಟು ರಾತ್ರಿಯೆಲ್ಲ ಎಲೆ ಒದ್ದೆಯಾಗಿಡುವುದು ರೂಢಿಯ ಕ್ರಮ. ಆಮೇಲೆ 1ರಿಂದ 9ರ ತನಕ ಅಂಕ: 1 ಅಂದರೆ ರೋಗವಿಲ್ಲ, 9 ಅಂದರೆ ಗಿಡದಲ್ಲಿ ಎಲೆಯೇ ಉಳಿದಿಲ್ಲ.

ಧಾರವಾಡದ ಮುಂಗಾರಿನ ಜಿಟಿಜಿಟಿ ಮಳೆ ಎಲೆರೋಗದ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ಆದೋನಿ ಸೀಮೆಯ ಒಣ ಹವೆ ಬೇರೆ ಪರೀಕ್ಷೆಗೆ ಒಳ್ಳೆಯದು. ಎಲೆ ಉಳಿಸಿಕೊಂಡ ಗಿಡ ನೀರಿನ ಕೊರತೆಯಲ್ಲಿ ಕಾಯಿ ತುಂಬುತ್ತದೋ ಇಲ್ಲವೋ ಎಂದು ಇಲ್ಲೇ ಗೊತ್ತಾಗಬೇಕು. ಒಂದು ಕಡೆ ಗೆದ್ದದ್ದನ್ನು ಇನ್ನೊಂದು ಕಡೆ ನೋಡದೆ ಶಿಫಾರಸು ಮಾಡುವುದು ರೈತನ ಖರ್ಚಿನಲ್ಲಿ ಪ್ರಯೋಗ ಮಾಡಿದಂತೆ.

ಇಲ್ಲಿ ಗಮನಿಸಬೇಕಾದ್ದು ಇನ್ನೂ ಒಂದಿದೆ. ತುಂಗಭದ್ರಾ ಕೆಳಮಟ್ಟದ ಕಾಲುವೆ ಮತ್ತು ಬೋರ್‌ವೆಲ್ ಕೆಳಗೆ ಹಿಂಗಾರು, ಬೇಸಿಗೆಯಲ್ಲೂ ಶೇಂಗಾ ಇರುತ್ತದೆ. ಶೇಂಗಾ ತುಕ್ಕಿಗೆ ನಡುವೆ ತಂಗಲು ಬೇರೆ ಗಿಡ ಬೇಕಾಗಿಲ್ಲ; ಶೇಂಗಾದಿಂದ ಶೇಂಗಾಕ್ಕೆ ಹೋಗುತ್ತದೆ. ತಾನಾಗಿ ಮೊಳೆತ ಗಿಡಗಳೂ ಅದಕ್ಕೆ ಆಸರೆ. ನೀರಾವರಿ ಹೊಲದ ಹತ್ತಿರ ಹಾಕಿದ ಸಾಲು ಕೊಡುವ ಅಂಕ, ದೂರದ ಮಸಾರಿಯಲ್ಲಿ ಹಾಕಿದ್ದಕ್ಕಿಂತ ಹೆಚ್ಚು ನಂಬಿಕೆಗೆ ಯೋಗ್ಯ.

7. ನಿರೋಧಕ ತಳಿಗೂ ಚುಕ್ಕೆ ಬರುತ್ತದೆ ಎಂದು ಮೊದಲೇ ಹೇಳಿಬಿಡಿ

ರೈತರ ಹೊಲದಲ್ಲಿ ಹೆಚ್ಚು ಕೇಳಿಸಿಕೊಂಡ ಮಾತು ಇದು: ‘ಸಾರ್, ಬರಂಗಿಲ್ಲ ಅಂದಿದ್ರಿ, ಚುಕ್ಕೆ ಬಂದೈತಲ್ರಿ?’ ಬಂದೇ ಬರುತ್ತದೆ. ಕಾರ್ಡೆನಾಸಿಯಿಂದ ಬಂದ ಗುಣ ರೋಗಕ್ಕೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಚುಕ್ಕೆ ಕಾಣಿಸಿಕೊಳ್ಳಲು ಹೆಚ್ಚು ದಿನ ಹಿಡಿಯುತ್ತದೆ, ಕಂಡ ಚುಕ್ಕೆ ಸಣ್ಣದಾಗಿಯೇ ಉಳಿಯುತ್ತದೆ, ಅದರಿಂದ ಹಾರುವ ಬೀಜಾಣು ಕಡಿಮೆ. ಒಂದು ಸುತ್ತಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳದು. ನಾಲ್ಕಾರು ಸುತ್ತು ಆಗುವಷ್ಟರಲ್ಲಿ ಪಕ್ಕದ ಹೊಲ ಬೋಳಾಗಿ ಇದು ಹಸಿರು ನಿಂತಿರುತ್ತದೆ.

ಹಾಗಾಗಿ ಹೊಲದ ದಿನಾಚರಣೆ ಇಟ್ಟುಕೊಳ್ಳುವವರು ಬಿತ್ತಿ ಎರಡು ತಿಂಗಳಿಗೇ ಜನ ಸೇರಿಸಬಾರದು. ಕೀಳುವ ವಾರ ಕರೆಯಬೇಕು. ಆಗ ನಾನು ಭಾಷಣ ಮಾಡುವುದಿಲ್ಲ. ಎರಡು ತಳಿಯಿಂದ ಒಂದೊಂದು ಗಿಡ ಕಿತ್ತು ರೈತರ ಕೈಗೆ ಕೊಡುತ್ತೇನೆ. ಒಂದರಲ್ಲಿ ಬರೀ ಕಡ್ಡಿ, ಇನ್ನೊಂದರಲ್ಲಿ ಎಲೆ. ದನ ಕಟ್ಟಿದವರು ಮೊದಲು ನೋಡುವುದು ಆ ಎಲೆಯನ್ನೇ. ಶೇಂಗಾ ಹೊಟ್ಟು ಈ ಬರಪೀಡಿತ ಸೀಮೆಯಲ್ಲಿ ಬೇಸಿಗೆಯ ಮೇವು. ಕಾಯಿಯ ಇಳುವರಿಯಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣದ ವರ್ಷವೂ ಎಲೆಯಿರುವ ಹೊಟ್ಟಿನಿಂದ ತಳಿ ತನ್ನ ಬೆಲೆ ತೋರಿಸಿಕೊಳ್ಳುತ್ತದೆ. ನಾವು ಇಳುವರಿಯ ಕೋಷ್ಟಕ ಮಾಡುವಾಗ ಹೊಟ್ಟಿನ ತೂಕಕ್ಕೂ ಒಂದು ಕಲಂ ಇಡಬೇಕು.

8. ಮಾರ್ಕರ್‌ನಿಂದ ಕಾಲ ಉಳಿಯುತ್ತದೆ, ಹೊಲದ ಕೆಲಸ ಉಳಿಯುವುದಿಲ್ಲ

ಧಾರವಾಡ ಮತ್ತು ಇಕ್ರಿಸ್ಯಾಟ್‌ನವರು ಕೂಡಿ ಜಿಪಿಬಿಡಿ 4ರ ಸಂತಾನದಲ್ಲಿ ಹುಡುಕಿದಾಗ, ತುಕ್ಕಿನ ನಿರೋಧದಲ್ಲಿ ಕಾಣುವ ವ್ಯತ್ಯಾಸದ ಶೇ. 80ಕ್ಕೂ ಹೆಚ್ಚು ಪಾಲು ಒಂದೇ ಜಾಗದಿಂದ ಬರುತ್ತದೆ ಎಂದು ತಿಳಿಯಿತು. ಎ03 ಎಂಬ ವರ್ಣತಂತುವಿನ ತುಣುಕು ಅದು. ತಡ ಎಲೆಚುಕ್ಕೆಯ ಗುಣದ ದೊಡ್ಡ ಪಾಲೂ ಅಲ್ಲೇ ಇದೆ. ಇದು ಗೊತ್ತಾದ ಮೇಲೆ ಎಲೆಯ ತುಣುಕಿನಿಂದ ಡಿಎನ್‌ಎ ತೆಗೆದು, ಆ ಜಾಗದ ಗುರುತಾದ ಮಾರ್ಕರ್ ನೋಡಿ, ಗಿಡ ಹೂ ಬಿಡುವ ಮೊದಲೇ ಇಟ್ಟುಕೊಳ್ಳುವುದು ಯಾವುದು, ಕೀಳುವುದು ಯಾವುದು ಎಂದು ಹೇಳಬಹುದು. ಇಕ್ರಿಸ್ಯಾಟ್‌ನಲ್ಲಿ ಐಸಿಜಿವಿ 91114, ಜೆಎಲ್ 24, ಟಿಎಜಿ 24 ತಳಿಗಳಿಗೆ ಈ ತುಣುಕನ್ನು ಬ್ಯಾಕ್‌ಕ್ರಾಸ್ ಮೂಲಕ ಸೇರಿಸಿದರು. 2014ರಲ್ಲಿ ಅದರ ವರದಿ ಬಂತು. ಧಾರವಾಡದಲ್ಲಿ ಟಿಎಂವಿ 2, ಜೆಎಲ್ 24ಕ್ಕೂ ಅದೇ ಕೆಲಸ ನಡೆಯಿತು.

ಬ್ಯಾಕ್‌ಕ್ರಾಸ್ ಎಂದರೆ ಹುಟ್ಟಿದ ಸಂತಾನವನ್ನು ಊರ ತಳಿಯ ಜೊತೆಗೇ ಮತ್ತೆ ಮತ್ತೆ ಕೂಡಿಸುವುದು. ಪ್ರತಿ ಸುತ್ತಿಗೂ ದಾನಿಯ ಪಾಲು ಅರ್ಧಕ್ಕೆ ಇಳಿಯುತ್ತದೆ, ಬೇಕಾದ ತುಣುಕು ಮಾತ್ರ ಕೈಬಿಡದಂತೆ ಮಾರ್ಕರ್ ಕಾಯುತ್ತದೆ. ಬೇಡದ್ದನ್ನು ಬಿಡಿಸುವ ಕೆಲಸಕ್ಕೆ ಇಷ್ಟು ಒಳ್ಳೆಯ ಸಲಕರಣೆ ಹಿಂದೆ ಇರಲಿಲ್ಲ. ಆದರೆ ಮಾರ್ಕರ್ ಹೇಳುವುದು ತುಣುಕು ಇದೆಯೋ ಇಲ್ಲವೋ ಎಂಬುದನ್ನು ಮಾತ್ರ. ಆ ಗಿಡ ಪತ್ತಿಕೊಂಡದ ಕಲ್ಲುನೆಲದಲ್ಲಿ ಬೇರು ಬಿಟ್ಟೀತೇ, ಕಾಳು ಗಟ್ಟಿಯಾದೀತೇ ಎಂಬುದಕ್ಕೆ ಬಿತ್ತಿಯೇ ನೋಡಬೇಕು.

9. ಗೋಧಿಯವರು ಪಟ್ಟ ಪಾಡು ಮರೆಯಬೇಡಿ

ಗೋಧಿಯ ಚರಿತ್ರೆ ಓದುವುದು ಇಲ್ಲಿ ಬೇಕಾಗುತ್ತದೆ. ಉತ್ತರ ಕರ್ನಾಟಕದ ಜವೆಗೋಧಿ, ಅಂದರೆ ಖಪ್ಲಿ, ಕಾಂಡತುಕ್ಕನ್ನು ಎಷ್ಟು ಚೆನ್ನಾಗಿ ತಡೆಯುತ್ತಿತ್ತೆಂದರೆ ಅಮೆರಿಕದ ಸ್ಟಾಕ್‌ಮನ್ ಮತ್ತು ಲೆವಿನ್ 1922ರಲ್ಲಿ ತುಕ್ಕಿನ ಬಗೆಗಳನ್ನು ಗುರುತಿಸಲು ಆರಿಸಿದ ಹನ್ನೆರಡು ಗೋಧಿಗಳಲ್ಲಿ ಅದೂ ಸೇರಿತ್ತು. 1956ರಲ್ಲಿ ಅರ್ನೆಸ್ಟ್ ಸಿಯರ್ಸ್ ವಿಕಿರಣ ಹಾಯಿಸಿ, ಈಜಿಲಾಪ್ಸ್ ಎಂಬ ಕಾಡುಹುಲ್ಲಿನಿಂದ ಎಲೆತುಕ್ಕು ತಡೆಯುವ ಸಣ್ಣ ತುಣುಕೊಂದನ್ನು ಗೋಧಿಗೆ ತಂದರು. ರೈ ಧಾನ್ಯದ ವರ್ಣತಂತುವಿನ ಒಂದು ತೋಳು ಗೋಧಿಗೆ ಸೇರಿದ ಮೇಲಂತೂ ಅದರೊಳಗಿನ ಎಸ್‌ಆರ್ 31 ವಂಶವಾಹಿ ದಶಕಗಳ ಕಾಲ ಲೋಕದ ಬಹಳಷ್ಟು ತಳಿಗಳನ್ನು ಕಾಂಡತುಕ್ಕಿನಿಂದ ಕಾಯಿತು. ಎಲ್ಲರೂ ಅದನ್ನೇ ನಂಬಿಕೊಂಡರು. 1998ರಲ್ಲಿ ಉಗಾಂಡದಲ್ಲಿ ಅದನ್ನು ಮುರಿಯುವ ತುಕ್ಕು ಕಂಡಿತು. ಯುಜಿ99 ಎಂದು ಹೆಸರಾಯಿತು. ಅಲ್ಲಿಂದ ಆಚೆಗೆ ಬೇರೆ ವಂಶವಾಹಿ ಹುಡುಕುವ ಓಟ.

ಶೇಂಗಾದವರು ಇವತ್ತು ಅದೇ ಜಾಗದಲ್ಲಿ ನಿಂತಿದ್ದೇವೆ. ಕಾರ್ಡೆನಾಸಿಯ ಗುಣ ಬಂದದ್ದು ಜಿಕೆಪಿ 10017 ಎಂಬ ಒಂದೇ ಸಂಗ್ರಹದಿಂದ. ಡೇವಿಡ್ ಬರ್ಟಿಯೋಲಿ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನ 30 ದೇಶಗಳ 251 ತಳಿ, ಸಾಲುಗಳಲ್ಲಿ ಅದರ ಪಾಲನ್ನು ಗುರುತಿಸಿತು. ಇಷ್ಟು ದೊಡ್ಡ ಉಪಕಾರ ಒಂದೇ ಗಿಡದಿಂದ ಎಂಬುದು ಬೆರಗಿನ ಮಾತು, ಭಯದ ಮಾತೂ ಹೌದು. ಆದ್ದರಿಂದ ಬೇರೆ ಮೂಲಗಳನ್ನು ಈಗಲೇ ಸೇರಿಸಿಡಬೇಕು. ಬಟಿಜೊಕೋಯಿ ಮತ್ತು ಡ್ಯುರಾನೆನ್ಸಿಸ್ ಎಂಬ ಕಾಡುಜಾತಿಗಳನ್ನು ಕೂಡಿಸಿ ಪಡೆದ ಐಸಿಜಿವಿ 86699ರಂಥ ಸಾಲು ಇದೆ. ಇಕ್ರಿಸ್ಯಾಟ್‌ನ ನಳಿನಿ ಮಲ್ಲಿಕಾರ್ಜುನ ಅವರ ತಂಡ ಕಾಡುಜಾತಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿ, ದುಪ್ಪಟ್ಟು ಮಾಡಿ, ಶೇಂಗಾದ ಜೊತೆ ಸಲೀಸಾಗಿ ಕೂಡುವ ಹೊಸ 40 ವರ್ಣತಂತುವಿನ ಗಿಡಗಳನ್ನು ಮಾಡಿತು. ಇಂಥವುಗಳಿಂದ ಎರಡು ಮೂರು ಬಗೆಯ ನಿರೋಧವನ್ನು ಒಂದೇ ತಳಿಯೊಳಗೆ ಕೂರಿಸುವುದು ಮುಂದಿನ ಕೆಲಸ.

10. ತಳಿ ಗೆಲ್ಲುವುದು ಯಾರ್ಡಿನಲ್ಲಿ

ಆದೋನಿ ಯಾರ್ಡಿನಲ್ಲಿ ವ್ಯಾಪಾರಿ ರಾಶಿಗೆ ಕೈ ಹಾಕಿ ಹಿಡಿ ಕಾಯಿ ತೆಗೆಯುತ್ತಾನೆ. ಅಲ್ಲೇ ಸುಲಿದು ಅಂಗೈ ಮೇಲೆ ಹರಡುತ್ತಾನೆ. ಕಾಳು ತುಂಬಿದೆಯೇ, ಮುರುಟಿದೆಯೇ, ಸಿಪ್ಪೆ ಎಷ್ಟು, ಬಣ್ಣ ಗುಲಾಬಿಯೋ ಕಂದೋ ಎಂದು ನೋಡಿ ಬೆಲೆ ಕೂಗುತ್ತಾನೆ. ಎಲೆಯಲ್ಲಿ ಎಷ್ಟು ಚುಕ್ಕೆ ಇತ್ತು ಎಂದು ಅವನು ಕೇಳುವುದಿಲ್ಲ. ತಳಿಯ ಅಂಕಪಟ್ಟಿಯಲ್ಲಿ ಕೊನೆಯ ಸಾಲಿಗಿರುವ ಕಾಳಿನ ಪ್ರಮಾಣ ಅಲ್ಲಿ ಮೊದಲಿಗೆ ಬರುತ್ತದೆ. ಕದಿರಿ ಸಂಶೋಧನಾ ಕೇಂದ್ರದ ಕದಿರಿ 6 ಈ ಸೀಮೆಯಲ್ಲಿ ಇಷ್ಟು ವರ್ಷ ನಿಂತದ್ದನ್ನು ನೋಡಿದರೆ ಅರ್ಥವಾಗುತ್ತದೆ. ಹೊಸ ತಳಿ ಅದಕ್ಕಿಂತ ಹೆಚ್ಚು ರೋಗ ತಡೆದರೆ ಸಾಲದು, ಅದರಷ್ಟೇ ಕಾಳು ಕೊಡಬೇಕು.

ಬೀಜದ ಲೆಕ್ಕವೂ ಇದೆ. ಹೆಕ್ಟೇರಿಗೆ 100 ಕಿಲೋಗೂ ಹೆಚ್ಚು ಕಾಳು ಬಿತ್ತಬೇಕು. ಬಿತ್ತಿದ್ದರ ಹತ್ತರಷ್ಟು ಬಂದರೆ ಪುಣ್ಯ. ಜೋಳದಲ್ಲಿ ಒಂದೆರಡು ವರ್ಷಕ್ಕೆ ತಾಲೂಕು ತುಂಬುವಷ್ಟು ಬೀಜ ಮಾಡಬಹುದು, ಶೇಂಗಾದಲ್ಲಿ ಆಗದು. ಕಾಳು ಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಕಾಯಿಯಲ್ಲೇ ಕಾಯ್ದಿಡಬೇಕು. ಆದ್ದರಿಂದ ಒಳ್ಳೆಯ ತಳಿ ಕೈಯಲ್ಲಿದ್ದರೂ ಊರೊಂದರಲ್ಲಿ ನಾಲ್ಕು ಮನೆಯವರನ್ನು ಬೀಜ ಬೆಳೆಯಲು ಒಪ್ಪಿಸದಿದ್ದರೆ ಅದು ಕೇಂದ್ರದ ಗೋಡೌನಿನಲ್ಲೇ ಉಳಿಯುತ್ತದೆ.

11. ಬೀಜಕ್ಕೆ ಗಡಿ ಹಾಕಬೇಡಿ, ಮುಂದಿನ ರೋಗಕ್ಕೆ ಈಗಲೇ ಹುಡುಕಿ

1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಮಣ್ಣು, ಮಳೆ, ರೋಗ ಎರಡೂ ಬದಿಗೆ ಒಂದೇ ಆಗಿ ಉಳಿದವು. ತಳಿಯ ಶಿಫಾರಸು, ಸಬ್ಸಿಡಿ ಬೀಜ, ಅಧಿಕಾರಿಗಳು ಎರಡಾದರು. ಹೊಳಗುಂದದ ರೈತ ಬಳ್ಳಾರಿ ಕಡೆಯ ಬೀಗರ ಮನೆಯಿಂದ ಎರಡು ಚೀಲ ಕಾಯಿ ತಂದು ಬಿತ್ತುವುದು ಅದಕ್ಕೇ. ಎರಡೂ ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳು ಗಡಿಯ ಹೊಲಗಳಲ್ಲಿ ಒಂದೇ ಪರೀಕ್ಷೆಯನ್ನು ಕೂಡಿ ಹಾಕಿದರೆ ಈ ಅಡ್ಡದಾರಿ ಬೇಕಾಗುವುದಿಲ್ಲ. ಲೋಕದ ಮಟ್ಟದಲ್ಲೂ ಇದೇ ತೊಡಕು ಇದೆ. ಬೊಲಿವಿಯಾದ ಬೀಜ ಅಮೆರಿಕಕ್ಕೆ, ಅಲ್ಲಿಂದ ಪಟಾನ್‌ಚೆರುವಿಗೆ ಬಂದ ಕಾಲದಲ್ಲಿ ಇಷ್ಟು ಕಾಗದಪತ್ರ ಇರಲಿಲ್ಲ. ಇಂದು ಬೆಳೆ ಸಂಪನ್ಮೂಲ ಹಂಚಿಕೊಳ್ಳುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ಗೋಧಿ ಇದೆ, ಶೇಂಗಾ ಇಲ್ಲ. ಹುಟ್ಟಿದ ನೆಲದವರ ಹಕ್ಕೂ ಉಳಿದು, ಬೀಜವೂ ಹರಿದಾಡುವ ಏರ್ಪಾಡು ಆಗಬೇಕು.

ಯಾಕೆಂದರೆ ಕಾರ್ಡೆನಾಸಿಯಿಂದ ತಂದ ಆ ತುಣುಕು ಎಲ್ಲ ರೋಗಕ್ಕೂ ಮದ್ದಲ್ಲ. 2000ದ ಮುಂಗಾರಿನಲ್ಲಿ ಪಕ್ಕದ ಅನಂತಪುರ ಜಿಲ್ಲೆಯಲ್ಲಿ ಕಾಂಡ ಕಪ್ಪಾಗಿ ಕುಡಿ ಸಾಯುವ ನಂಜುರೋಗ ಸುಮಾರು 2.25 ಲಕ್ಷ ಹೆಕ್ಟೇರ್ ಶೇಂಗಾ ಹೊಡೆಯಿತು. ನಷ್ಟ 300 ಕೋಟಿ ರೂಪಾಯಿ ದಾಟಿತು. ಪಾರ್ಥೇನಿಯಂ ಕಳೆಯ ಪರಾಗದಲ್ಲಿ ಕೂತ ನಂಜನ್ನು ಥ್ರಿಪ್ಸ್ ಕೀಟ ಹೊತ್ತು ತಂದಿತ್ತು. ತುಕ್ಕು ತಡೆಯುವ ತುಣುಕಿಗೆ ಅದರ ಮುಂದೆ ಏನೂ ಕೆಲಸವಿಲ್ಲ. ಬುಡಕೊಳೆಗೂ ಗಟ್ಟಿಯಾದ ಉತ್ತರ ಇನ್ನೂ ಕೈಗೆ ಬಂದಿಲ್ಲ. ಕಾಡಿನಿಂದ ತಂದ ಗುಣ ರೈತನ ಕೂರಿಗೆಗೆ ಮುಟ್ಟಲು ದಶಕಗಳು ಬೇಕು ಎಂದಾದರೆ, ರೋಗ ಬಂದ ಮೇಲೆ ಹುಡುಕಲು ಹೊರಡುವುದು ತಡವಾದಂತೆಯೇ. ಈ ಕೆಲಸಕ್ಕೆ ಬರುವ ಹುಡುಗರಿಗೆ ನನ್ನ ಸಲಹೆ ಇಷ್ಟು: ನಿಮ್ಮ ಹೊಲದ ಒಂದು ಭಾಗ ಈ ವರ್ಷದ ಬಿಡುಗಡೆಗೆ ಇರಲಿ, ಇನ್ನೊಂದು ಭಾಗದಲ್ಲಿ ಯಾರೂ ಇನ್ನೂ ಕೇಳದ ಕಾಡುಜಾತಿಗಳನ್ನು ಕೂಡಿಸುತ್ತ, ಬೇಡದ್ದನ್ನು ಬಿಡಿಸುತ್ತ ಇರಿ. ಬಿಡಿಸುವುದಕ್ಕೇ ಕಾಲ ಹಿಡಿಯುವುದರಿಂದ ಅದನ್ನು ಮೊದಲು ಶುರು ಮಾಡಬೇಕು.